ಸೂರಿನ ಸಂಧಿಯಲ್ಲಿ

ಮೂವತ್ತು ವರ್ಷಕ್ಕೂ ಮಿಗಿಲಾಗಿ ಸಂಧಿ ಸಮಾಸಗಳನ್ನು ಪಾಠ ಹೇಳಿದವನು ನಾನು. ಆದರೆ ‘ಸಂಧಿ’ ಎಂಬ ಮಾತಿನ ಪೂರ್ಣಾರ್ಥ ನನಗೆ ತಿಳಿದದ್ದು ನಿವೃತ್ತಿಯ ತರುವಾಯ, ಅದೂ ಒಂದು ಏಣಿಯ ಮೇಲೆ ನಿಂತಿದ್ದಾಗ ಎಂದರೆ ನೀವು ನಗಬಹುದು. ನಮ್ಮ ಊರಿನ ಸಹಕಾರ ಸಂಘವೊಂದು ಐದು ಅಂತಸ್ತಿನ ವಾಣಿಜ್ಯ ಕಟ್ಟಡವನ್ನು ಕಟ್ಟಿಸುತ್ತಿತ್ತು. ಬಿಡುವಾಗಿರುವವನು, ಲೆಕ್ಕಪತ್ರದಲ್ಲಿ ನಂಬಬಹುದಾದವನು ಎಂಬ ಎರಡೇ ಅರ್ಹತೆಗಳ ಮೇಲೆ ನನ್ನನ್ನು ಕಟ್ಟಡ ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿದರು. ಇಟ್ಟಿಗೆ ಗಾರೆಗಳ ವಿಚಾರ ಒಂದಿಷ್ಟು ಊಹೆಗೆ ನಿಲುಕುತ್ತಿತ್ತು. ನಿಲುಕದೆ ಹೋದದ್ದು ಬೆಂಕಿಯನ್ನು ಆರಿಸುವ ಸ್ಪ್ರಿಂಕ್ಲರ್ ವ್ಯವಸ್ಥೆ.

ಸಿನಿಮಾಗಳಲ್ಲಿ ನೀವು ನೋಡಿರುತ್ತೀರಿ: ಯಾರೋ ಒಬ್ಬ ಬೆಂಕಿಕಡ್ಡಿ ಗೀರಿದೊಡನೆ ಇಡೀ ಕಟ್ಟಡದಲ್ಲಿ ಮಳೆ ಸುರಿಯುತ್ತದೆ. ಸಾಮಾನ್ಯ ಅಂಗಡಿ ಕಚೇರಿಗಳಲ್ಲಿ ಅದು ಹಾಗಲ್ಲ. ಚಾವಣಿಯಿಂದ ಇಳಿಬಿದ್ದ ಪ್ರತಿಯೊಂದು ಬಾಯಿಯನ್ನೂ ಬೆರಳ ಗಾತ್ರಕ್ಕಿಂತ ಚಿಕ್ಕದಾದ ಒಂದು ಗಾಜಿನ ಬುರುಡೆ ಮುಚ್ಚಿಟ್ಟಿರುತ್ತದೆ. ಅದರೊಳಗೆ ಬಣ್ಣದ ದ್ರವ. ಕೆಂಪು ದ್ರವದ ಬುರುಡೆ 68 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡೆಯುತ್ತದೆ. ಎಲ್ಲಿ ಶಾಖ ತಾಗಿತೋ ಅಲ್ಲಿನ ಬಾಯಿ ಮಾತ್ರ ತೆರೆಯುತ್ತದೆ. ನೆರೆಯ ಬಾಯಿ ತನ್ನ ಸರದಿ ಬರುವವರೆಗೆ ಸುಮ್ಮನಿರುತ್ತದೆ. ಅಂದ ಮೇಲೆ, ಒಂದೊಂದು ಬಾಯಿಗೂ ಅದರದೇ ಆದ ಜವಾಬ್ದಾರಿಯ ನೆಲವುಂಟು. ಆ ನೆಲವನ್ನು ಬೇರೊಂದು ಬಾಯಿ ಕಾಯಲಾರದು. ಈ ಮಾತನ್ನು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ ಪಿಯಾನೊ ಕಾರ್ಖಾನೆ ನಡೆಸುತ್ತಿದ್ದ ಹೆನ್ರಿ ಪಾರ್ಮೆಲಿ 1874ರಲ್ಲಿ ತನ್ನ ಕಾರ್ಖಾನೆಯ ರಕ್ಷಣೆಗಾಗಿ ಇಂಥದೊಂದು ಉಪಕರಣವನ್ನು ರೂಪಿಸಿದ. ಉಪಕರಣ ಹಬ್ಬಿತು, ಅದರೊಡನೆ ಗೊಂದಲವೂ ಹಬ್ಬಿತು. ಪೈಪಿನ ಗಾತ್ರವೆಷ್ಟು, ಬಾಯಿಗಳ ನಡುವಣ ಅಂತರವೆಷ್ಟು ಎಂಬುದಕ್ಕೆ ಬಾಸ್ಟನ್ ನಗರದ ಸುತ್ತಣ ನೂರು ಮೈಲಿಯೊಳಗೆ ಒಂಬತ್ತು ಬಗೆಯ ನಿಯಮಗಳಿದ್ದುವಂತೆ. ಅವನ್ನು ಒಂದು ಮಾಡಬೇಕೆಂಬ ಪ್ರಯತ್ನದಿಂದಲೇ 1896ರಲ್ಲಿ ಆ ದೇಶದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘ ಹುಟ್ಟಿತು. ನಮ್ಮಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲಿ ಬಂತು. ಅದರ ನಾಲ್ಕನೆಯ ಭಾಗ ಅಗ್ನಿಸುರಕ್ಷೆಗೇ ಮೀಸಲು.

ನಿಯಮಗಳೇನೋ ಒಂದಾದುವು. ನಿಯಮವನ್ನು ಕೈಗೂಡಿಸುವ ಕೈಗಳು ಒಂದಾಗಬೇಡವೆ? ಮೇಲಣ ಕಾಂಕ್ರೀಟು ಸೂರಿಗೂ ನಮ್ಮ ಕಣ್ಣಿಗೆ ಕಾಣುವ ತೆಳು ಚಾವಣಿಗೂ ನಡುವೆ ಎರಡು ಮೂರು ಅಡಿಯ ಒಂದು ಸಂಧಿ ಇರುತ್ತದೆ. ಇಕ್ಕಟ್ಟಾದ ಜಾಗ ಎಂಬ ಅರ್ಥದ ಸಂಧಿ. ಅದರೊಳಗೆ ಬಚ್ಚಲ ನೀರಿನ ಕೊಳವೆ, ಹವಾನಿಯಂತ್ರಣದ ಡಕ್ಟು, ವಿದ್ಯುತ್ ತಂತಿಯ ತಟ್ಟೆ, ಸ್ಪ್ರಿಂಕ್ಲರ್ ಪೈಪು ಎಲ್ಲವೂ ಹಾಯಬೇಕು. ಇವುಗಳಲ್ಲಿ ಯಾರು ಯಾರಿಗೆ ದಾರಿ ಬಿಡಬೇಕೆಂಬುದಕ್ಕೆ ಒಂದು ಮರ್ಯಾದೆ ಉಂಟು. ಬಚ್ಚಲ ನೀರು ಇಳಿಜಾರಿನಲ್ಲಿ ತಾನಾಗಿ ಹರಿಯಬೇಕಾದದ್ದರಿಂದ ಅದಕ್ಕೆ ಮೊದಲ ಮಣೆ. ಅಗಲವಾದ ಡಕ್ಟು ಬಾಗಲೊಲ್ಲದಾದ್ದರಿಂದ ಅದಕ್ಕೆ ಎರಡನೆಯದು. ಸ್ಪ್ರಿಂಕ್ಲರ್ ಪೈಪಿನಲ್ಲಿ ನೀರು ಒತ್ತಡದಲ್ಲಿರುವುದರಿಂದ ಅದು ಮೇಲೆ ಹತ್ತಿಯೂ ಪಕ್ಕಕ್ಕೆ ತಿರುಗಿಯೂ ಹೋಗಬಲ್ಲದು. ಬಗ್ಗಬಲ್ಲವನನ್ನು ಲೋಕ ಬಗ್ಗಿಸುತ್ತದೆ. ಆದರೆ ಪೈಪು ಎಷ್ಟು ಬಗ್ಗಿದರೂ ಅದರ ಬಾಯಿ ಇರಬೇಕಾದ ಸ್ಥಳದಲ್ಲಿಯೇ ಇರಬೇಕು. ಎರಡು ಬಾಯಿಗಳ ನಡುವಣ ಅಂತರ ಗೊತ್ತುಮಾಡಿದ ಮಿತಿಯನ್ನು ದಾಟಕೂಡದು. ಎದುರಿಗೆ ದೀಪವೋ ತೊಲೆಯೋ ಬಂದು ನೀರಿನ ಹರಹನ್ನು ತಡೆಯಬಾರದು. ಎಲ್ಲವನ್ನೂ ಜೋಡಿಸಿದ ಮೇಲೆ ಹೆಚ್ಚಿನ ಒತ್ತಡದ ನೀರು ತುಂಬಿ, ಎರಡು ಗಂಟೆ ನಿಲ್ಲಿಸಿ, ಸೋರದೆಂದು ಖಚಿತವಾದ ಮೇಲೆಯೇ ಚಾವಣಿಯನ್ನು ಮುಚ್ಚಬೇಕು.

ನಮ್ಮ ಕಟ್ಟಡದಲ್ಲಿ ಈ ಪರೀಕ್ಷೆ ನಡೆಯಿತು. ಎರಡು ಗಂಟೆಯ ಕಾಲ ಒತ್ತಡದ ಮುಳ್ಳು ಕದಲಲಿಲ್ಲ. ಎರಡನೆಯ ಅಂತಸ್ತಿನ ಚಾವಣಿ ಮುಚ್ಚಲು ನಾನು ರುಜು ಹಾಕಿದೆ. ಪ್ರಾರಂಭೋತ್ಸವಕ್ಕೆ ಇನ್ನು ಹನ್ನೆರಡು ದಿನ. ಆಹ್ವಾನ ಪತ್ರಿಕೆಗಳು ಅಚ್ಚಾಗಿದ್ದುವು. ಆ ಸಂಜೆ ಪೈಪು ಜೋಡಿಸುವ ಹುಡುಗನೊಬ್ಬ ನನ್ನ ಮನೆಗೆ ಬಂದು, ಕುಳಿತುಕೊಳ್ಳೆಂದರೂ ಕುಳಿತುಕೊಳ್ಳದೆ ಹೇಳಿದ: “ಸಾರ್, ಪುಸ್ತಕದ ಅಂಗಡಿ ಬರೋ ಮೂಲೇಲಿ ಒಂದು ಬಾಯಿಗೆ ನೀರಿಲ್ಲ.”

ಮರುದಿನ ಏಣಿ ಹತ್ತಿ ಚಾವಣಿಯ ಹಲಗೆ ಸರಿಸಿ ನಾನೇ ನೋಡಿದೆ. ಡಕ್ಟಿನವರು ತೊಲೆಯೊಂದನ್ನು ತಪ್ಪಿಸಲು ಡಕ್ಟನ್ನು ಒಂದು ಗಜ ಪಕ್ಕಕ್ಕೆ ಸರಿಸಿದ್ದರು. ಅಡ್ಡ ಬಂದ ಪೈಪನ್ನು ಕತ್ತರಿಸಿ, ತಾತ್ಕಾಲಿಕವಾಗಿ ಒಂದು ಮುಚ್ಚಳ ತಿರುಗಿಸಿದ್ದರು ಪೈಪಿನವರು. ಆ ವಾರವೇ ಅವರ ಮೇಸ್ತ್ರಿ ಬದಲಾದ. ಚಾವಣಿಯವನು ನಕ್ಷೆಯಲ್ಲಿದ್ದಂತೆ ಹಲಗೆಗೆ ತೂತು ಕೊರೆದು, ಉಳಿದವುಗಳ ಸಾಲಿಗೆ ಸರಿಯಾಗಿ ಕಾಣಲೆಂದು, ಅಲ್ಲಿಯೇ ಬಿದ್ದಿದ್ದ ಬಾಯಿಯನ್ನು ಸಿಕ್ಕಿಸಿದ. ಕೆಳಗಿನಿಂದ ನೋಡಿದರೆ ಕೆಂಪು ಬುರುಡೆ, ಹೊಳೆಯುವ ಬಳೆ, ಯಾವ ಊನವೂ ಇಲ್ಲ. ಮೇಲಿನಿಂದ ನೋಡಿದರೆ ಅದು ಯಾವುದಕ್ಕೂ ಅಂಟಿಕೊಂಡಿಲ್ಲ. ಒತ್ತಡದ ಪರೀಕ್ಷೆ ಇದನ್ನು ಹಿಡಿಯಲಾರದು. ಮುಚ್ಚಳ ಭದ್ರವಾಗಿದ್ದರೆ ನೀರು ಸೋರುವುದೆಲ್ಲಿ? ಒಬ್ಬೊಬ್ಬನೂ ತನ್ನ ಪಾಲಿನ ಕೆಲಸವನ್ನು ಮುಗಿಸಿದ್ದ. ವ್ಯಾಕರಣದಲ್ಲಿ ಲೋಪಸಂಧಿ ಎಂದರೆ ಎರಡು ಪದ ಕೂಡುವಲ್ಲಿ ಪೂರ್ವಪದದ ಕೊನೆಯ ಸ್ವರ ಬಿಟ್ಟುಹೋಗುವುದು. ಅಲ್ಲಿ ಅರ್ಥಕ್ಕೆ ಕೆಡುಕಿಲ್ಲ. ಇಲ್ಲಿ ಇಬ್ಬರ ಕೆಲಸ ಕೂಡುವಲ್ಲಿ ಬಿಟ್ಟುಹೋದದ್ದು ನೀರು. ಅದರ ಕೆಳಗೆ ನನ್ನ ರುಜು.

ಸಮಿತಿಯಲ್ಲಿ ಮಾತು ಬೆಳೆಯಿತು. ನೂರಾರು ಬಾಯಿಗಳಲ್ಲಿ ಒಂದಲ್ಲವೆ, ಉತ್ಸವದ ಮೇಲೆ ಸರಿಪಡಿಸಬಾರದೆ ಎಂದರು. ನನಗೆ ಆಗ ನೆನಪಾದದ್ದು ಎರಡು ಫೆಬ್ರವರಿ 23. 1991ರ ಆ ದಿನ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಅಂತಸ್ತಿನ ಕಟ್ಟಡದ 22ನೆಯ ಅಂತಸ್ತಿಗೆ ಬೆಂಕಿ ಬಿತ್ತು. ಅಗ್ನಿಶಾಮಕರ ಕೊಳವೆಗಳಿಗೆ ಜೋಡಿಸಿದ್ದ ಕವಾಟಗಳನ್ನು ಸರಿಯಾಗಿ ಹೊಂದಿಸಿರಲಿಲ್ಲ. ನೀರಿಗೆ ಒತ್ತಡ ಸಾಲದಾಯಿತು. ಮೂವರು ಅಗ್ನಿಶಾಮಕರು ಮಡಿದರು. ಬೆಂಕಿ ಅಂತಸ್ತಿನಿಂದ ಅಂತಸ್ತಿಗೆ ಏರಿ, ಸ್ಪ್ರಿಂಕ್ಲರ್ ಇದ್ದ 30ನೆಯ ಅಂತಸ್ತಿಗೆ ಬಂದು ನಿಂತಿತು. ಅದನ್ನು ಅಲ್ಲಿ ನಿಲ್ಲಿಸಿದವು ಹತ್ತು ಬಾಯಿಗಳು. ಹತ್ತೇ ಹತ್ತು! 2010ರ ಅದೇ ದಿನ ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ತಂತಿಗಳ ಲಂಬ ಕಿಂಡಿಯ ಮೂಲಕ ಹೊಗೆ ಮೇಲಣ ಅಂತಸ್ತುಗಳನ್ನು ತುಂಬಿತು; ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಆ ಕಿಂಡಿಯೂ ಒಂದು ಸಂಧಿಯೇ ಅಲ್ಲವೆ?

ನನ್ನ ರುಜುವನ್ನು ಹಿಂದಕ್ಕೆ ಪಡೆದೆ. ಉತ್ಸವ ಮೂರು ವಾರ ಮುಂದಕ್ಕೆ ಹೋಯಿತು. ಹಳೆಯ ಸ್ನೇಹವೊಂದು ಅದರೊಡನೆ ಹೋಯಿತು. ಎಲ್ಲ ಗುತ್ತಿಗೆದಾರರ ನಕ್ಷೆಗಳನ್ನೂ ಒಂದರ ಮೇಲೊಂದು ಹಾಸಿ ನೋಡುವುದು, ಯಾರು ಏನನ್ನು ಸರಿಸಿದರೂ ಅದನ್ನು ಒಂದೇ ಪುಸ್ತಕದಲ್ಲಿ ಬರೆದು ಉಳಿದವರ ರುಜು ಪಡೆಯುವುದು, ಚಾವಣಿಯ ಮೇಲಿನಿಂದ ಪ್ರತಿಯೊಂದು ಬಾಯಿಯನ್ನೂ ಮುಟ್ಟಿ ಎಣಿಸುವುದು—ಮೊದಲ ದಿನವೇ ಮಾಡಬೇಕಾಗಿದ್ದ ಇಷ್ಟನ್ನು ಕೊನೆಯ ದಿನಗಳಲ್ಲಿ ಮಾಡಿದೆವು. ಎಣಿಸುವ ಕೆಲಸವನ್ನು ಆ ಹುಡುಗನಿಗೇ ಒಪ್ಪಿಸಿದೆ. ನೀರಿಲ್ಲದ ಬಾಯಿಗಳು ಇನ್ನೆರಡು ಸಿಕ್ಕಿದವು.

ಈಗ ಆ ಮೂಲೆಯಲ್ಲಿ ಪುಸ್ತಕದ ಅಂಗಡಿ ಇದೆ. ನಾನು ಆಗಾಗ್ಗೆ ಹೋಗುತ್ತೇನೆ. ಪುಸ್ತಕಗಳನ್ನು ಚಾವಣಿಯವರೆಗೆ ಪೇರಿಸಿ ಬಾಯಿಗೆ ಅಡ್ಡ ಮಾಡಬೇಡಿರೆಂದು ಅಂಗಡಿಯವರಿಗೆ ಹೇಳುತ್ತೇನೆ. ಹೋಗುವಾಗ ಕೆಳಗಿನ ಪಂಪಿನ ಕೋಣೆಗೆ ಇಣುಕಿ ಕವಾಟ ತೆರೆದಿದೆಯೇ ಎಂದು ನೋಡುತ್ತೇನೆ. ಸ್ಪ್ರಿಂಕ್ಲರುಗಳು ಕೆಲಸ ಮಾಡದೆ ಹೋದ ಸಂದರ್ಭಗಳಲ್ಲಿ ಬಹುಪಾಲಿಗೆ ಕಾರಣ, ಯಾರೋ ಯಾವಾಗಲೋ ಮುಚ್ಚಿದ ಕವಾಟವನ್ನು ಮತ್ತೆ ತೆರೆಯದಿದ್ದುದು. ಮೇಷ್ಟರಿಗೆ ವಯಸ್ಸಾಯಿತು ಎಂದು ಕಾವಲುಗಾರ ನಗುತ್ತಾನೆ. ನಗಲಿ, ಕೋಣೆಯ ಬೀಗದ ಕೈ ಮಾತ್ರ ತಪ್ಪದೆ ಕೊಡುತ್ತಾನೆ.