ಸಂಪಾದನ ಕಾಯಕ: ‘ಶಿವಾನುಭವ’ ಪತ್ರಿಕೆಯೂ ವಚನ ಸಂಕಲನಗಳೂ



ಕನ್ನಡದಲ್ಲಿ ಸಂಪಾದನೆಯೆಂಬ ಮಾತಿಗೆ ಎರಡು ಅರ್ಥಗಳುಂಟು. ದುಡಿದು ಗಳಿಸುವುದೂ ಸಂಪಾದನೆ. ಚೆದುರಿಹೋದ ನುಡಿಗಳನ್ನು ಕೂಡಿಸಿ, ಶೋಧಿಸಿ, ಕ್ರಮಗೊಳಿಸಿ ಲೋಕಕ್ಕೆ ಒಪ್ಪಿಸುವುದೂ ಸಂಪಾದನೆ. ಮೊದಲನೆಯದರಿಂದ ಮನೆ ತುಂಬುವುದು. ಎರಡನೆಯದರಿಂದ ಅನೇಕ ವೇಳೆ ಮನೆ ಬರಿದಾಗುವುದು. ವಿಜಾಪುರದ, ಎಂದರೆ ಇಂದಿನ ವಿಜಯಪುರದ, ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಬಾಳಿನಲ್ಲಿ ಈ ಎರಡು ಅರ್ಥಗಳೂ ಎದುರುಬದುರಾಗಿ ನಿಂತವು. ಅವರು ಎರಡನೆಯದನ್ನು ಆರಿಸಿಕೊಂಡರು.

1880ರಲ್ಲಿ ಧಾರವಾಡದಲ್ಲಿ ಜನಿಸಿ, ಮುಂಬಯಿಯಲ್ಲಿ ವಿದ್ಯಾಭ್ಯಾಸವನ್ನು ಪೂರೈಸಿ, ವಿಜಾಪುರದಲ್ಲಿ ವಕೀಲಿ ವೃತ್ತಿಯನ್ನು ಹಿಡಿದ ಹಳಕಟ್ಟಿಯವರಿಗೆ ಐಶ್ವರ್ಯದ ದಾರಿ ತೆರೆದೇ ಇದ್ದಿತು. ಆದರೆ ಅವರ ಕಣ್ಣಿಗೆ ಬಿದ್ದುದು ತಾಡವೋಲೆಯ ಕಟ್ಟುಗಳು. ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಆ ಕಟ್ಟುಗಳಿಗೆ ವಿಭೂತಿ ಪತ್ರೆಗಳ ಪೂಜೆ ಸಲ್ಲುತ್ತಿದ್ದಿತು. ಬಿಚ್ಚಿ ಓದುವವರು ವಿರಳರಾಗಿದ್ದರು. ಪೂಜೆಗೊಂಡ ಓಲೆಯನ್ನೂ ಹುಳು ಬಿಡುವುದಿಲ್ಲ. ಹನ್ನೆರಡನೆಯ ಶತಮಾನದ ಶರಣರ ನುಡಿಯು ಹೊಗೆ, ತೇವ, ಗೆದ್ದಲುಗಳ ಬಾಯಿಗೆ ಬೀಳುತ್ತಿದ್ದುದನ್ನು ಕಂಡ ಅವರು ಊರೂರು ತಿರುಗಿ ಕಟ್ಟುಗಳನ್ನು ಕೂಡಿಸಿ, ಪ್ರತಿ ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಪ್ರಕಟಿಸಿದರು.

ಈ ಕಾರ್ಯದ ಕಾಠಿಣ್ಯವನ್ನು ಭಕ್ತರು ಅರಿತಿರುವುದು ಅವಶ್ಯ. ಓಲೆಯ ಬರಹದಲ್ಲಿ ಪದಕ್ಕೂ ಪದಕ್ಕೂ ನಡುವೆ ಎಡೆಯಿಲ್ಲ. ವಾಕ್ಯದ ಕೊನೆಗೆ ಇಂದಿನ ವಿರಾಮಚಿಹ್ನೆಗಳಿಲ್ಲ. ಎಕಾರ ಒಕಾರಗಳ ಹ್ರಸ್ವದೀರ್ಘಗಳನ್ನು ಹಳೆಯ ಲಿಪಿಕಾರರು ಬೇರ್ಪಡಿಸಿ ಬರೆಯುತ್ತಿರಲಿಲ್ಲವಾದುದರಿಂದ ‘ಕೊಡು’ ಎಂಬುದೂ ‘ಕೋಡು’ ಎಂಬುದೂ ಒಂದೇ ರೂಪದಲ್ಲಿ ಕಾಣುವುವು. ಒಂದೇ ವಚನವು ಒಂದು ಕಟ್ಟಿನಲ್ಲಿ ಒಬ್ಬ ಶರಣರ ಅಂಕಿತದಿಂದಲೂ ಮತ್ತೊಂದರಲ್ಲಿ ಬೇರೊಬ್ಬರ ಅಂಕಿತದಿಂದಲೂ ದೊರೆಯುವುದುಂಟು. ಇಂತಹ ಎಡೆಯಲ್ಲಿ ಸಂಪಾದಕನಿಗೆ ದೊಡ್ಡದೊಂದು ಪ್ರಲೋಭನೆ ಇದಿರಾಗುವುದು: ತನಗೆ ಸೊಗಸೆನಿಸಿದ ಪದವನ್ನು ತುಂಬಿ, ಅದನ್ನೇ ಶರಣರ ನುಡಿಯೆಂದು ಸಾರುವುದು. ಅದನ್ನು ಗೆಲ್ಲುವುದೇ ಸಂಪಾದಕನ ವ್ರತ. ಅಂಕಿತವು ಅನ್ಯರದು, ನುಡಿಯು ಅನ್ಯರದು. ಶ್ರಮ ಮಾತ್ರ ಅವನದು.

ಸಂಕಲನದ ಕ್ರಮದಲ್ಲಿಯೂ ಧರ್ಮಸಂಕಟ ಉಂಟು. ‘ವಚನಶಾಸ್ತ್ರಸಾರ’ದಲ್ಲಿ ಬೇರೆ ಬೇರೆ ಶರಣರ ವಚನಗಳು ವಿಷಯಾನುಸಾರವಾಗಿ ಒಂದೆಡೆ ಕೂಡಿವೆ. ಇದರಿಂದ ತತ್ತ್ವವು ಓದುಗನಿಗೆ ನಿಚ್ಚಳವಾಗುವುದು. ಆದರೆ ಒಬ್ಬೊಬ್ಬ ಶರಣನ ಕಂಠಸ್ವರವು ಆ ಮೇಳದಲ್ಲಿ ಕರಗಿಹೋಗುವುದು. ಒಬ್ಬರ ವಚನಗಳನ್ನೇ ಬೇರೆಯಾಗಿ ಮುದ್ರಿಸಿದರೆ ಸ್ವರವು ಉಳಿಯುವುದು. ತತ್ತ್ವದ ಎಳೆಯನ್ನು ಓದುಗನೇ ಹುಡುಕಿಕೊಳ್ಳಬೇಕಾಗುವುದು. ಎರಡರಲ್ಲಿ ಒಂದೇ ಸಾಲದೆಂಬುದನ್ನು ಅವರ ಕಾರ್ಯವೇ ತೋರಿಸಿತು. ಸಾರಸಂಗ್ರಹದ ಬಳಿಕ ಅವರು ಒಬ್ಬೊಬ್ಬ ವಚನಕಾರರ ವಚನಗಳನ್ನು ಪ್ರತ್ಯೇಕವಾಗಿಯೂ ಹೊರತಂದರು.

ಗ್ರಂಥವು ಹೊರಬಂದ ಮೇಲೆ ಪತ್ರಿಕೆಯ ಅಗತ್ಯವೇನಿದ್ದಿತೆಂದು ಯಾರಾದರೂ ಕೇಳಬಹುದು. ಗ್ರಂಥವು ಕೆರೆಯಂತೆ, ಪತ್ರಿಕೆಯು ಕಾಲುವೆಯಂತೆ. ದೊರೆತ ಓಲೆಯೆಲ್ಲವೂ ಗ್ರಂಥವಾಗುವವರೆಗೆ ಕಾಯುತ್ತ ಕುಳಿತರೆ ಓಲೆಯೂ ಉಳಿಯದು, ಓಲೆಯನ್ನು ಬಲ್ಲ ಹಿರಿಯರೂ ಉಳಿಯರು. ಆದುದರಿಂದ ಹಳಕಟ್ಟಿಯವರು 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಮೊದಲು ತ್ರೈಮಾಸಿಕವಾಗಿದ್ದ ಅದು ಮುಂದೆ ಮಾಸಿಕವಾಯಿತು. ಮುದ್ರಣಾಲಯಕ್ಕಾಗಿ ಅವರು ಸ್ವಂತ ಮನೆಯನ್ನೇ ಮಾರಿದರು. ವಚನಗಳು, ಶರಣರ ಚರಿತ್ರೆಗಳು, ಶಾಸ್ತ್ರವಿಚಾರಗಳು ಅದರ ಪುಟಗಳಲ್ಲಿ ಕ್ರಮಕ್ರಮವಾಗಿ ಬೆಳಕು ಕಂಡವು. ಬರೆಯುವವರು ಕಡಿಮೆ, ಚಂದಾ ಕೊಡುವವರು ಇನ್ನೂ ಕಡಿಮೆ. ಆದರೂ ಸಣ್ಣ ಪತ್ರಿಕೆಯಿಂದ ಒಂದು ಮಹದುಪಕಾರವುಂಟು: ಅಚ್ಚಾದ ವಚನವನ್ನು ಓದಿದ ಹಳ್ಳಿಯ ಭಕ್ತನಿಗೆ, ತನ್ನ ಮನೆಯ ಮಾಡದಲ್ಲಿರುವ ಕಟ್ಟಿನ ಬೆಲೆ ಅಂದೇ ಹೊಳೆಯಬಹುದು.

ಈ ಕಾಯಕವು ಹೊಸದೇನೂ ಅಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಶರಣರ ವಚನಗಳನ್ನು ಸಂವಾದರೂಪದಲ್ಲಿ ಹೊಂದಿಸಿ ಕಟ್ಟಿದ ಸಂಕಲನಕ್ಕೆ ‘ಶೂನ್ಯಸಂಪಾದನೆ’ ಎಂಬ ಹೆಸರೇ ಸಂದಿತು. ಅನಂತರ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರ ಸಿದ್ಧವೀರಣ್ಣೊಡೆಯರು ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಹಿಂದಿನವರ ಮೇಲಣ ಅನಾದರದಿಂದಲ್ಲ, ನುಡಿಯ ಮೇಲಣ ಆದರದಿಂದಲೇ ಇಂತಹ ಪರಿಷ್ಕಾರ ನಡೆಯುವುದು. ಹಳಕಟ್ಟಿಯವರ ಪಾಠಗಳೂ ಹಾಗೆಯೇ ಮುಂದಿನವರ ಪರಿಶೀಲನೆಗೆ ಒಳಗಾದವು. 1951ರಲ್ಲಿ ಶಿ. ಶಿ. ಬಸವನಾಳರ ಸಂಪಾದಕತ್ವದಲ್ಲಿ ಬಸವಣ್ಣನವರ ಷಟ್‌ಸ್ಥಲದ ವಚನಗಳು ಹೊರಬಂದವು. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಮೊದಲು ಹರಡಿದ ನುಡಿಯಿದ್ದರಲ್ಲವೆ ಮುಂದಿನವರು ಅದನ್ನು ತಿದ್ದುವುದು? ಬುನಾದಿಯ ಕಲ್ಲು ಕಣ್ಣಿಗೆ ಕಾಣುವುದಿಲ್ಲ. ಆದರೆ ಗೋಡೆಯೆಲ್ಲವೂ ಅದರ ಮೇಲೆಯೇ ನಿಂತಿರುವುದು.

1964ರಲ್ಲಿ ಹಳಕಟ್ಟಿಯವರು ಲಿಂಗೈಕ್ಯರಾದರು. ಅವರ ಪತ್ರಿಕೆಯ ಕಾಲವೂ ಮುಗಿಯಿತು. ಆದರೆ ಆ ಕಾಯಕವು ಮುಗಿದಿಲ್ಲ. ಮಹೋತ್ಸವದ ಈ ಶುಭದಿನದಂದು ಭಕ್ತರು ಮಾಡಬಹುದಾದ ಸೇವೆಗಳು ಎರಡು. ಮನೆಯಲ್ಲಿ ಓಲೆಯ ಕಟ್ಟಾಗಲಿ, ಹಳೆಯ ಕೈಬರಹವಾಗಲಿ, ಪತ್ರಿಕೆಯ ಹಳೆಯ ಸಂಚಿಕೆಯಾಗಲಿ ಇದ್ದರೆ ಅದನ್ನು ಪೂಜಿಸಿ ಕಟ್ಟಿಡದೆ, ಬಲ್ಲವರ ಮುಂದೆ ಬಿಚ್ಚಿಡುವುದು ಒಂದು. ಊರಿನ ಸಣ್ಣ ಪತ್ರಿಕೆಗೆ ತಪ್ಪದೆ ಚಂದಾ ಕೊಟ್ಟು, ಬಂದ ಸಂಚಿಕೆಯನ್ನು ಓದುವುದು ಮತ್ತೊಂದು. ಜಂಗಮವಾದ ನುಡಿಯು ಕಟ್ಟಿನೊಳಗೆ ಸ್ಥಾವರವಾಗಿ ನಿಲ್ಲಬಾರದು. ಓದುವವನಿಲ್ಲದೆ ಸಂಪಾದಕನ ದುಡಿಮೆ ದಾಸೋಹವೆನಿಸದು.