ಕನ್ನಡಿಯ ಹಿಂದಿನ ವಿದ್ಯುತ್ ಲೆಕ್ಕ



ದೊಡ್ಡಬೆಳವಂಗಲದಲ್ಲಿ ಒಂದು ಮನೆ ಎಂದಿಟ್ಟುಕೊಳ್ಳಿ. ಕಾಲೇಜಿಗೆ ಹೊರಟ ಹುಡುಗಿಯೊಬ್ಬಳು ಬಾಗಿಲ ಪಕ್ಕದ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದಾಳೆ. ಅದೇ ಕನ್ನಡಿಯ ಮೂಲೆಯಲ್ಲಿ ಗಂಟೆ ಎಷ್ಟು, ಮಳೆ ಬರುವ ಸಂಭವವಿದೆಯೇ, ಇಂದು ಯಾವ ವಿಷಯದ ಪರೀಕ್ಷೆ ಎಂಬುದು ಬಿಳಿ ಅಕ್ಷರಗಳಲ್ಲಿ ಮೂಡಿದೆ. ಇದನ್ನು ‘ಸ್ಮಾರ್ಟ್ ಮಿರರ್’ ಎನ್ನುತ್ತಾರೆ. ಅಂಗಡಿಯಿಂದಲೇ ತರಬೇಕೆಂದಿಲ್ಲ, ಮನೆಯಲ್ಲೇ ಮಾಡಬಹುದು. ನೆದರ್‌ಲೆಂಡ್ಸಿನ ಮೈಕೆಲ್ ಟೀವ್ 2014ರಲ್ಲಿ ಇಂಥದೊಂದನ್ನು ಮಾಡಿ, ಅದರ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು.

ಇದರ ರಚನೆ ಸರಳ. ಮುಂದೆ ಅರೆಪಾರಕ ಕನ್ನಡಿ. ಅದರ ಹಿಂದೆ ಕಂಪ್ಯೂಟರಿನ ಮಾನಿಟರ್. ಅದಕ್ಕೂ ಹಿಂದೆ ಅಂಗೈ ಅಗಲದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ಪರದೆ ಕಪ್ಪಾಗಿರುವ ಕಡೆ ನಿಮ್ಮ ಮುಖ ಕಾಣುತ್ತದೆ. ಅಕ್ಷರ ಬೆಳಗಿದ ಕಡೆ ಬೆಳಕು ಗಾಜನ್ನು ದಾಟಿ ಬರುತ್ತದೆ.

ತೊಡಕು ಇರುವುದು ವಿದ್ಯುತ್ತಿನಲ್ಲಿ. ಮಾನಿಟರಿಗೆ ಬೇಕಾದದ್ದು 12 ವೋಲ್ಟ್, ಪೈಗೆ ಬೇಕಾದದ್ದು 5 ವೋಲ್ಟ್. ಎರಡು ಅಡಾಪ್ಟರ್ ಹಾಕಿದರೆ ಗೋಡೆಯ ಮೇಲೆ ಎರಡು ವೈರುಗಳು ಜೋತಾಡುತ್ತವೆ. ಒಂದೇ ಅಡಾಪ್ಟರಿನಿಂದ ಎರಡನ್ನೂ ನಡೆಸಲಾಗದೆ? ನಡೆಸಬಹುದು. ಆದರೆ ಬೆಸುಗೆ ಕಡ್ಡಿ ಹಿಡಿಯುವ ಮೊದಲು ಪೆನ್ಸಿಲ್ ಹಿಡಿಯಬೇಕು.

ದೊಡ್ಡಬಳ್ಳಾಪುರದ ಕಡೆ ವಿದ್ಯುತ್ ಮಗ್ಗ ಹೂಡುವವರು ಮೊದಲು ಮಾಡುವ ಕೆಲಸ ಯಾವುದು? ಮೋಟಾರುಗಳ ಎಚ್.ಪಿ.ಯನ್ನೆಲ್ಲ ಕೂಡಿ, ಅಷ್ಟನ್ನು ತಾಳುವ ಸಂಪರ್ಕ ಕೇಳುವುದು. ಹೊರಾಂಗಣ ಚಿತ್ರೀಕರಣಕ್ಕೆ ಹೊರಡುವಾಗ ದೂರದರ್ಶನದ ನಾವೂ ಅಷ್ಟೆ: ದೀಪ, ಕ್ಯಾಮೆರಾಗಳ ವ್ಯಾಟ್ ಕೂಡಿದ ನಂತರವೇ ಜನರೇಟರ್ ತರಿಸುತ್ತೇವೆ. ಕನ್ನಡಿಗೂ ಅದೇ ಲೆಕ್ಕ. ವೋಲ್ಟನ್ನು ವೋಲ್ಟಿಗೆ ಕೂಡಬಾರದು. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿ, ಬಂದ ವ್ಯಾಟ್‌ಗಳನ್ನು ಕೂಡಬೇಕು.

ಮಾನಿಟರಿನ ಬೆನ್ನ ಮೇಲಿನ ಚೀಟಿಯಲ್ಲಿ 12 ವೋಲ್ಟ್, 2.5 ಆಂಪಿಯರ್ ಎಂದಿದ್ದರೆ ಅದು 30 ವ್ಯಾಟ್. ರಾಸ್ಪ್‌ಬೆರಿ ಪೈ 4ಕ್ಕೆ 5 ವೋಲ್ಟಿನಲ್ಲಿ 3 ಆಂಪಿಯರ್ ಒದಗಿಸಬೇಕು. ಅದು 15 ವ್ಯಾಟ್. ವೋಲ್ಟೇಜ್ ಇಳಿಸುವ ಸಾಧನ ನೂರಕ್ಕೆ 90ರಷ್ಟು ದಕ್ಷವೆಂದುಕೊಂಡರೆ 15 ವ್ಯಾಟ್ ಕೊಡಲು ಅದು ಸುಮಾರು 16.7 ವ್ಯಾಟ್ ತೆಗೆದುಕೊಳ್ಳುತ್ತದೆ. ಒಟ್ಟು 46.7. ಅಡಾಪ್ಟರ್ ಸದಾ ಏದುಸಿರು ಬಿಡಬಾರದು, ಆದ್ದರಿಂದ ಇನ್ನೊಂದು ಕಾಲು ಪಾಲು ಸೇರಿಸಿ. ಸುಮಾರು 58 ಆಯಿತು. 12 ವೋಲ್ಟ್, 5 ಆಂಪಿಯರಿನ, ಅಂದರೆ 60 ವ್ಯಾಟಿನ ಅಡಾಪ್ಟರ್ ಸಾಕು.

‘5 ಆಂಪಿಯರಿನ ಅಡಾಪ್ಟರ್ ಹಾಕಿದರೆ 2.5 ಆಂಪಿಯರಿನ ಮಾನಿಟರ್ ಸುಟ್ಟುಹೋಗುವುದಿಲ್ಲವೆ?’ ಎಂದು ನೀವು ಕೇಳಬಹುದು. ಇಲ್ಲ. ವೋಲ್ಟೇಜನ್ನು ನಿರ್ಧರಿಸುವುದು ಕೊಡುವ ಕಡೆ. ಎಷ್ಟು ಆಂಪಿಯರ್ ಎಂಬುದನ್ನು ನಿರ್ಧರಿಸುವುದು ತೆಗೆದುಕೊಳ್ಳುವ ಕಡೆ. ಅಡಾಪ್ಟರಿನ ಮೇಲೆ ಬರೆದ ಆಂಪಿಯರ್ ಅದರ ಗರಿಷ್ಠ ಮಿತಿ ಮಾತ್ರ. ಸುಡುವುದು ವೋಲ್ಟೇಜ್ ತಪ್ಪಿದಾಗ. 12 ವೋಲ್ಟನ್ನು ನೇರವಾಗಿ ಪೈಗೆ ಕೊಟ್ಟರೆ ಅದು ಅಲ್ಲಿಗೇ ಮುಗಿಯಿತು.

ಹಾಗಾದರೆ 12ನ್ನು 5ಕ್ಕೆ ಇಳಿಸುವುದು ಹೇಗೆ? ಪ್ರಯೋಗಾಲಯದಲ್ಲಿ 7805 ಎಂಬ ಮೂರು ಕಾಲಿನ ಐ.ಸಿ. ನೋಡಿರುತ್ತೀರಿ. ಅದು ಹೆಚ್ಚುವರಿ 7 ವೋಲ್ಟನ್ನು ಶಾಖವಾಗಿ ಕಳೆಯುತ್ತದೆ. 3 ಆಂಪಿಯರಿಗೆ 21 ವ್ಯಾಟ್ ಶಾಖ! ಸಣ್ಣ ಬೆಸುಗೆ ಕಡ್ಡಿಯ ಬಿಸಿಗೆ ಹತ್ತಿರ ಬಂತು. ಅಷ್ಟು ಪ್ರವಾಹವನ್ನು ಅದು ತಾಳುವುದೂ ಇಲ್ಲ. ನಿಮಗೆ ಬೇಕಾದದ್ದು ‘ಬಕ್ ಕನ್ವರ್ಟರ್’. ಅದು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಹಚ್ಚಿ ಆರಿಸಿ, ತುಣುಕುಗಳನ್ನು ಸುರುಳಿ ಮತ್ತು ಕೆಪಾಸಿಟರ್‌ಗಳ ಮೂಲಕ ಸಮಗೊಳಿಸಿ 5 ವೋಲ್ಟಾಗಿ ಕೊಡುತ್ತದೆ. ಶಾಖ ಕಡಿಮೆ.

ಈ ಕನ್ವರ್ಟರ್ ಎಲ್ಲಿರಬೇಕು? ಅಡಾಪ್ಟರಿನ ಬಳಿಯೋ, ಪೈಯ ಬಳಿಯೋ? ಇಲ್ಲಿ ಓಮನ ನಿಯಮ ನೆರವಿಗೆ ಬರುತ್ತದೆ. 0.2 ಚದರ ಮಿ.ಮೀ. ದಪ್ಪದ ತಾಮ್ರದ ತಂತಿ, ಹೋಗಲು 1 ಮೀಟರ್, ಬರಲು 1 ಮೀಟರ್ ಎನ್ನಿ. ರೋಧ ಸುಮಾರು 0.17 ಓಮ್. 5 ವೋಲ್ಟಿನ 3 ಆಂಪಿಯರ್ ಅದರಲ್ಲಿ ಹರಿದರೆ ದಾರಿಯಲ್ಲೇ ಅರ್ಧ ವೋಲ್ಟ್ ಖರ್ಚು. 5.1 ವೋಲ್ಟ್ ಹೊರಟರೂ ತಲುಪುವುದು 4.6ಕ್ಕಿಂತ ಕಡಿಮೆ. ಸುಮಾರು 4.63 ವೋಲ್ಟಿಗಿಂತ ಕೆಳಗಿಳಿದರೆ ಪೈ ಎಚ್ಚರಿಕೆ ತೋರಿಸಿ ಓಟ ನಿಧಾನಿಸುತ್ತದೆ. ಅದೇ ತಂತಿಯಲ್ಲಿ 12 ವೋಲ್ಟ್ ಕಳಿಸಿ, ಪೈಯ ಪಕ್ಕದಲ್ಲೇ ಇಳಿಸಿ ನೋಡಿ. ಆಗ ತಂತಿಯಲ್ಲಿ ಹರಿಯುವುದು ಸುಮಾರು 1.4 ಆಂಪಿಯರ್, ನಷ್ಟ ಕಾಲು ವೋಲ್ಟ್ ಮಾತ್ರ. ಕನ್ವರ್ಟರ್ ಅದನ್ನು ಲೆಕ್ಕಿಸುವುದೇ ಇಲ್ಲ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದದ್ದೂ ಇದೇ ಉಪಾಯದಿಂದ: ಹೆಚ್ಚಿನ ವೋಲ್ಟಿನಲ್ಲಿ ಕಳಿಸು, ಬಳಸುವ ಕಡೆ ಇಳಿಸು. ಅಲ್ಲಿದ್ದದ್ದು ಪರ್ಯಾಯ ಪ್ರವಾಹ, ಇಲ್ಲಿರುವುದು ನೇರ ಪ್ರವಾಹ. ನಿಯಮ ಒಂದೇ.

ಇನ್ನು ಜೋಡಿಸೋಣ. ಅಡಾಪ್ಟರಿನಿಂದ ಬಂದ 12 ವೋಲ್ಟನ್ನು ಎರಡು ಕವಲು ಮಾಡಿ. ಮಾನಿಟರಿನ ಕವಲಿಗೆ 4 ಆಂಪಿಯರಿನ, ಕನ್ವರ್ಟರಿನ ಕವಲಿಗೆ 2 ಆಂಪಿಯರಿನ ಫ್ಯೂಸ್ ಹಾಕಿ. ಋಣ ತಂತಿ ಎರಡಕ್ಕೂ ಒಂದೇ. ಪೈಯನ್ನು ಜೋಡಿಸುವ ಮುನ್ನ ಕನ್ವರ್ಟರಿನ ತಿರುಪು ತಿರುಗಿಸಿ, ಮಲ್ಟಿಮೀಟರಿನಲ್ಲಿ 5.1 ವೋಲ್ಟ್ ಬಂದದ್ದನ್ನು ಕಣ್ಣಾರೆ ನೋಡಿ. ಆಮೇಲೆ ಅದರ ಯು.ಎಸ್.ಬಿ. ಬಾಯಿಂದಲೇ ವಿದ್ಯುತ್ ಕೊಡಿ.

ಎಲ್ಲ ಮಾನಿಟರುಗಳೂ 12 ವೋಲ್ಟಿನವಲ್ಲ. ಕೆಲವು 19 ವೋಲ್ಟಿನವು. ಅವಕ್ಕೆ 19 ವೋಲ್ಟಿನ ಅಡಾಪ್ಟರ್, ಅದನ್ನು ತಾಳುವ ಕನ್ವರ್ಟರ್ ಬೇಕು. ಲೆಕ್ಕದ ಕ್ರಮ ಬದಲಾಗದು. ಇನ್ನು ಕೆಲವಕ್ಕೆ ಗೋಡೆಯ 230 ವೋಲ್ಟ್ ನೇರವಾಗಿ ಒಳಗೇ ಹೋಗುತ್ತದೆ. ಅಂಥದನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಪ್ರಾಣಾಪಾಯದ ವಿದ್ಯುತ್ ಉಳಿದಿರಬಹುದು. 230 ವೋಲ್ಟ್ ನಿಮ್ಮ ಮರದ ಚೌಕಟ್ಟಿನೊಳಗೆ ಕಾಲಿಡಲೇಬಾರದು. ಬಿ.ಐ.ಎಸ್. ನೋಂದಣಿಯ ಗುರುತಿರುವ ಮುಚ್ಚಿದ ಅಡಾಪ್ಟರ್ ಹೊರಗಿರಲಿ, ಒಳಗೆ ಬರುವುದು 12 ವೋಲ್ಟ್ ಮಾತ್ರವಾಗಲಿ. ಮನೆಯ ಪುಟ್ಟ ಮಕ್ಕಳೂ ಆ ಕನ್ನಡಿ ಮುಟ್ಟುತ್ತಾರೆ, ಒದ್ದೆ ಕೈಯಲ್ಲೂ ಮುಟ್ಟುತ್ತಾರೆ. ಒಳಗಿನ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುವುದರಿಂದ ಚೌಕಟ್ಟಿನ ಕೆಳಗೂ ಮೇಲೂ ಗಾಳಿಕಂಡಿ ಬಿಡಿ.

ನಮ್ಮ ಊರುಗಳಲ್ಲಿ ಕರೆಂಟ್ ಹೇಳದೆ ಹೋಗುವುದುಂಟು. ಥಟ್ಟನೆ ಹೋದರೆ ಪೈಯ ಮೆಮೊರಿ ಕಾರ್ಡ್ ಕೆಡಬಹುದು. ಇಂಟರ್ನೆಟ್ ರೌಟರಿಗೆ ಬಳಸುವ 12 ವೋಲ್ಟಿನ ಪುಟ್ಟ ಯು.ಪಿ.ಎಸ್. ಒಂದನ್ನು ಕನ್ವರ್ಟರಿನ ಕವಲಿಗೆ ಮಾತ್ರ ಸೇರಿಸಿದರೆ ಪರದೆ ಆರಿದರೂ ಕಂಪ್ಯೂಟರ್ ಎಚ್ಚರವಾಗಿರುತ್ತದೆ. ಅದರ ಬ್ಯಾಟರಿ ತುಂಬಲು ಬೇಕಾದ ವ್ಯಾಟ್‌ಗಳನ್ನೂ ಮೊದಲಿನ ಲೆಕ್ಕಕ್ಕೆ ಸೇರಿಸಲು ಮರೆಯಬೇಡಿ.

ಕೆಲಸ ಮುಗಿದ ಮೇಲೆ ಆ ಲೆಕ್ಕದ ಹಾಳೆಯನ್ನು ಕನ್ನಡಿಯ ಬೆನ್ನಿಗೆ ಅಂಟಿಸಿ: ಯಾವ ಕವಲಿಗೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್, ಯಾವ ಫ್ಯೂಸ್. ನೀವು ಓದಿಗೋ ಕೆಲಸಕ್ಕೋ ಊರು ಬಿಟ್ಟ ಮೇಲೆ ಅಡಾಪ್ಟರ್ ಕೆಟ್ಟರೆ, ನಿಮ್ಮ ತಮ್ಮನೋ ತಂಗಿಯೋ ಆ ಹಾಳೆ ನೋಡಿಯೇ ಸರಿಯಾದದ್ದನ್ನು ತಂದು ಹಾಕಬಲ್ಲರು.