ಡ್ರೋನ್ ಹಾರಾಟ: ಅರಿತಿರಬೇಕಾದ ನಿಯಮಗಳು



ಮದುವೆಯ ಮಂಟಪದಲ್ಲಿ, ಗಣೇಶೋತ್ಸವದ ಮೆರವಣಿಗೆಯಲ್ಲಿ, ಹೊಲಕ್ಕೆ ಔಷಧಿ ಸಿಂಪಡಿಸುವಲ್ಲಿ ಇಂದು ಡ್ರೋನ್ ಬಳಕೆಯಾಗುತ್ತಿದೆ. ಅಂಗಡಿಯಲ್ಲಿ ಸುಲಭವಾಗಿ ದೊರೆಯುವುದರಿಂದ ಇದನ್ನು ಆಟಿಕೆಯೆಂದು ಭಾವಿಸುವವರುಂಟು. ಕಾನೂನಿನ ದೃಷ್ಟಿಯಲ್ಲಾದರೋ ಇದು ಮಾನವರಹಿತ ವಿಮಾನ. 2025ರ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಬಳಿ ಕಾಳ್ಗಿಚ್ಚು ನಂದಿಸುತ್ತಿದ್ದ ವಿಮಾನದ ರೆಕ್ಕೆಗೆ ಖಾಸಗಿ ವ್ಯಕ್ತಿಯೊಬ್ಬನ ಸಣ್ಣ ಡ್ರೋನ್ ಬಡಿದು ರಂಧ್ರವಾಯಿತು. ಬೆಂಕಿ ಉರಿಯುತ್ತಿರುವಾಗಲೇ ಆ ವಿಮಾನವು ನೆಲಕ್ಕಿಳಿಯಬೇಕಾಯಿತು.

ನಮ್ಮ ದೇಶದಲ್ಲಿ ಡ್ರೋನ್ ನಿಯಮಾವಳಿಯು 2021ರ ಆಗಸ್ಟ್ 25ರಂದು ಪ್ರಕಟವಾಯಿತು. ಇದರ ಸಾರವನ್ನು ಮೂರು ಪ್ರಶ್ನೆಗಳಲ್ಲಿ ಹೇಳಬಹುದು.

ಮೊದಲನೆಯದು, ಯಂತ್ರ ಎಂಥದು? 250 ಗ್ರಾಂವರೆಗಿನದು ನ್ಯಾನೋ, ಅದಕ್ಕಿಂತ ಮೇಲೆ 2 ಕಿಲೋವರೆಗಿನದು ಮೈಕ್ರೋ, 25 ಕಿಲೋವರೆಗಿನದು ಸಣ್ಣ ಡ್ರೋನ್. ಇವುಗಳ ಮೇಲೆ ಮಧ್ಯಮ ಮತ್ತು ದೊಡ್ಡ ವರ್ಗಗಳಿವೆ. ಡ್ರೋನನ್ನು ಸರ್ಕಾರದ ಗಣಕ ಜಾಲದಲ್ಲಿ ನೋಂದಾಯಿಸಿ ವಿಶಿಷ್ಟ ಗುರುತಿನ ಸಂಖ್ಯೆಯನ್ನು ಪಡೆಯತಕ್ಕದ್ದು. ನ್ಯಾನೋ ಹೊರತು ಉಳಿದವುಗಳಿಗೆ ಅನ್ಯರಿಗಾಗುವ ಹಾನಿಯ ವಿಮೆಯೂ ಅಗತ್ಯ.

ಎರಡನೆಯದು, ಹಾರಿಸುವವರು ಯಾರು? ನ್ಯಾನೋ ಡ್ರೋನಿಗೂ, ಹವ್ಯಾಸಕ್ಕಾಗಿ ಹಾರಿಸುವ ಮೈಕ್ರೋ ಡ್ರೋನಿಗೂ ಚಾಲಕರ ಪ್ರಮಾಣಪತ್ರ ಬೇಕಿಲ್ಲ. ಹಣ ಪಡೆದು ಮೈಕ್ರೋ ಡ್ರೋನಿನಿಂದ ಮದುವೆಯ ಚಿತ್ರ ತೆಗೆಯುವವರಿಗೆ ಅದು ಬೇಕು. ಹತ್ತನೆಯ ತರಗತಿ ತೇರ್ಗಡೆಯಾದ, 18ರಿಂದ 65 ವರ್ಷದೊಳಗಿನವರು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಹೊಂದಿ ಇದನ್ನು ಪಡೆಯಬಹುದು. ಛಾಯಾಗ್ರಾಹಕರನ್ನು ಗೊತ್ತುಮಾಡುವಾಗಲೇ ಈ ಪತ್ರವನ್ನು ಕೇಳಿ ನೋಡುವುದು ಮದುವೆ ಮನೆಯವರಿಗೂ ಕ್ಷೇಮ.

ಮೂರನೆಯದು, ಸ್ಥಳ ಯಾವುದು? ನಗರವಾಸಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಹಾರಾಟಕ್ಕೆ ಪೂರ್ವಾನುಮತಿ ಬೇಡ. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರಿನ ನಡುವೆ ಈ ಮಿತಿ 200 ಅಡಿ ಮಾತ್ರ. 5ರಿಂದ 8 ಕಿಲೋಮೀಟರಿನ ನಡುವಿನದು ಹಳದಿ ವಲಯ. ಅಲ್ಲಿ ವಾಯು ಸಂಚಾರ ನಿಯಂತ್ರಣಾಧಿಕಾರಿಗಳ ಅನುಮತಿ ಬೇಕು. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಾಟ ಸಲ್ಲದು. ಮುಂಬಯಿಯ ಸಾಂತಾಕ್ರೂಜ್, ಅಂಧೇರಿಗಳು ವಿಮಾನ ನಿಲ್ದಾಣಕ್ಕೆ ತಾಗಿಕೊಂಡೇ ಇವೆ. ಇಂತಹ ಬಡಾವಣೆಗಳಲ್ಲಿ ಮನೆಯ ಮಾಳಿಗೆಯೂ ಮುಕ್ತ ಆಕಾಶವಲ್ಲ. ಹಬ್ಬ ಅಥವಾ ಗಣ್ಯರ ಭೇಟಿಯ ಕಾಲದಲ್ಲಿ ಪೊಲೀಸರು ತಾತ್ಕಾಲಿಕ ನಿಷೇಧವನ್ನೂ ಹೇರುವುದುಂಟು. ಆದ್ದರಿಂದ ಪ್ರತಿ ಬಾರಿಯೂ ಸರ್ಕಾರದ ವಾಯುಪ್ರದೇಶ ನಕ್ಷೆಯನ್ನು ನೋಡಿಯೇ ಹಾರಿಸಬೇಕು.

ನಿಯಮ ಮೀರಿದವರಿಗೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಈ ನಿಯಮಾವಳಿಯಲ್ಲಿ ಅವಕಾಶವಿದೆ. ಆದರೆ ದಂಡದ ಭಯಕ್ಕಿಂತ ದೊಡ್ಡದು ಇಳಿಯುತ್ತಿರುವ ವಿಮಾನದೊಳಗಿನ ನೂರಾರು ಜನರ ಪ್ರಾಣ. ಯಂತ್ರ, ಚಾಲಕ, ಸ್ಥಳ ಇವು ಮೂರೂ ನಿಯಮಕ್ಕೆ ಒಳಪಟ್ಟಿವೆಯೆಂದು ಖಚಿತವಾದ ಮೇಲೆಯೇ ಡ್ರೋನ್ ಮೇಲೇರಲಿ.